ನಕ್ಷತ್ರದ ಹೊಟ್ಟೆಯೊಳಗಿನ ತಿಕ್ಕಾಟವನ್ನು ಅಳೆಯುವುದು ಹೇಗೆ?

"ಚಂದ್ರ ನಮ್ಮನ್ನು ಬಿಟ್ಟು ದೂರ ಹೋಗುತ್ತಿದ್ದಾನೆ, ಮುಂದೆ ದಿನಕ್ಕೆ 25 ಗಂಟೆ ಆಗುತ್ತದೆ" ಎನ್ನುವ ಸುದ್ದಿ ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ನಿಜವಾ ಅಂತ ಕೇಳುವವರು ಬಹಳ ಜನ. ನಿಜ. ಚಂದ್ರ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ನಮ್ಮ ದಿನ ನೂರು ವರ್ಷಕ್ಕೆ ಸುಮಾರು 2 ಮಿಲಿಸೆಕೆಂಡ್ ಉದ್ದವಾಗುತ್ತಿದೆ. 25 ಗಂಟೆಯ ದಿನ ಬರಲು ಇನ್ನೂ 20 ಕೋಟಿ ವರ್ಷ ಬೇಕು, ಹಾಗಾಗಿ ಗಾಬರಿ ಬೇಡ.

ಇಷ್ಟು ಸಣ್ಣ ಬದಲಾವಣೆ ಗೊತ್ತಾಗಿದ್ದು ಹೇಗೆ? 1969ರಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ವಿಶೇಷ ಕನ್ನಡಿಗಳನ್ನು ಇಟ್ಟು ಬಂದರು. ಭೂಮಿಯಿಂದ ಲೇಸರ್ ಬಿಟ್ಟರೆ ಬೆಳಕು ಅಲ್ಲಿಗೆ ಹೋಗಿ ಎರಡೂವರೆ ಸೆಕೆಂಡಿನಲ್ಲಿ ವಾಪಸ್ ಬರುತ್ತದೆ. ಆ ಸಮಯವನ್ನು ಅಳೆದರೆ ದೂರ ಸಿಕ್ಕಿತು.

ಚಂದ್ರನನ್ನು ದೂರ ತಳ್ಳುತ್ತಿರುವುದು ಕಡಲಿನ ಉಬ್ಬರವಿಳಿತ. ಕಾರವಾರದಲ್ಲೋ ಮಲ್ಪೆಯಲ್ಲೋ ನೀರು ಏರಿ ಇಳಿಯುವುದನ್ನು ನೀವು ನೋಡಿರುತ್ತೀರಿ. ಅದೇ ಉಬ್ಬರ ನಕ್ಷತ್ರಗಳಲ್ಲೂ ಇದೆ. ಪಕ್ಕದಲ್ಲಿ ಇನ್ನೊಂದು ನಕ್ಷತ್ರ ಇದ್ದರೆ ಸಾಕು, ಎರಡೂ ಒಂದನ್ನೊಂದು ಹಿಗ್ಗಿಸುತ್ತವೆ. ಆ ಹಿಗ್ಗಾಟದಲ್ಲಿ ಶಕ್ತಿ ಸೋರಿಹೋಗುತ್ತದೆ. ಆದರೆ ಅಲ್ಲಿಗೆ ಹೋಗಿ ಕನ್ನಡಿ ಇಡುವವರು ಯಾರೂ ಇಲ್ಲ. ಹಾಗಿದ್ದರೆ ಆ ಸೋರಿಕೆಯನ್ನು ಅಳೆಯುವುದು ಹೇಗೆ?

ಅಡುಗೆಮನೆಯಿಂದಲೇ ಶುರು ಮಾಡೋಣ. ಒಂದು ಹಸಿ ಮೊಟ್ಟೆ, ಒಂದು ಬೇಯಿಸಿದ ಮೊಟ್ಟೆ ತೆಗೆದುಕೊಂಡು ಮೇಜಿನ ಮೇಲೆ ತಿರುಗಿಸಿ. ಬೆಂದ ಮೊಟ್ಟೆ ಚೆನ್ನಾಗಿ ಸುತ್ತುತ್ತದೆ. ಹಸಿ ಮೊಟ್ಟೆ ತಡವರಿಸಿ ಬೇಗ ನಿಲ್ಲುತ್ತದೆ, ಏಕೆಂದರೆ ಒಳಗಿನ ಲೋಳೆ ಚಿಪ್ಪಿನ ಜೊತೆ ಸರಿಯಾಗಿ ತಿರುಗದೆ ತಿಕ್ಕಾಡುತ್ತದೆ. ಮೊಟ್ಟೆ ಒಡೆಯಲೇ ಇಲ್ಲ, ಆದರೂ ಒಳಗೆ ಏನಿದೆ ಅಂತ ತಿಳಿಯಿತು. ಜೋಡಿ ನಕ್ಷತ್ರಗಳ ಸುತ್ತಾಟ ನೋಡಿ ಒಳಗಿನ ತಿಕ್ಕಾಟವನ್ನು ಲೆಕ್ಕ ಹಾಕುವುದೂ ಇದೇ ರೀತಿಯ ಕೆಲಸ.

ಉಬ್ಬರ ಅಂದರೆ ಎಳೆತವಲ್ಲ, ಎಳೆತದಲ್ಲಿನ ವ್ಯತ್ಯಾಸ

ಚಂದ್ರ ನೀರನ್ನು ಎಳೆಯುತ್ತಾನೆ, ಅದಕ್ಕೆ ಉಬ್ಬರ ಬರುತ್ತದೆ ಅಂತ ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಉತ್ತರ. ಸೂರ್ಯ ಭೂಮಿಯನ್ನು ಚಂದ್ರನಿಗಿಂತ ಎಷ್ಟೋ ಜಾಸ್ತಿ ಎಳೆಯುತ್ತಾನೆ, ಆದರೂ ಉಬ್ಬರದಲ್ಲಿ ಚಂದ್ರನದೇ ದೊಡ್ಡ ಪಾಲು. ಯಾಕೆ?

ಉಬ್ಬರಕ್ಕೆ ಬೇಕಾದದ್ದು ಎಳೆತದಲ್ಲಿನ ವ್ಯತ್ಯಾಸ. ಚಂದ್ರನಿಗೆ ಹತ್ತಿರ ಇರುವ ಭೂಮಿಯ ಮಗ್ಗುಲಿಗೆ ಎಳೆತ ಸ್ವಲ್ಪ ಜಾಸ್ತಿ, ಆಚೆ ಮಗ್ಗುಲಿಗೆ ಸ್ವಲ್ಪ ಕಡಿಮೆ. ಹೀಗೆ ಎರಡು ಮಗ್ಗುಲಿಗೆ ಬೇರೆ ಬೇರೆ ಬಲ ಬಿದ್ದಾಗ ವಸ್ತು ಉದ್ದಕ್ಕೆ ಹಿಗ್ಗುತ್ತದೆ, ಎರಡೂ ಕಡೆ ಉಬ್ಬು ಏಳುತ್ತದೆ. ಸೂರ್ಯ ಬಹಳ ದೂರ ಇರುವುದರಿಂದ ಈ ವ್ಯತ್ಯಾಸ ಕಡಿಮೆ.

ದೂರದ ಲೆಕ್ಕ ಇಲ್ಲಿ ತುಂಬ ಬಿಗಿ. ದೂರ ಎರಡು ಪಟ್ಟಾದರೆ ಹಿಗ್ಗಿಸುವ ಬಲ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದರಿಂದ ಹುಟ್ಟುವ ತಿರುಚು ಬಲ 64ನೇ ಒಂದು ಭಾಗಕ್ಕೆ ಕುಸಿಯುತ್ತದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸೋರಿಕೆ ಶುರುವಾಗುವುದು ಎಲ್ಲಿ?

ಉಬ್ಬು ಎದ್ದ ಮಾತ್ರಕ್ಕೆ ಶಕ್ತಿ ಸೋರುವುದಿಲ್ಲ. ಉಬ್ಬು ತಡವಾದರೆ ಸೋರುತ್ತದೆ.

ಭೂಮಿ ತನ್ನ ಸುತ್ತ 24 ಗಂಟೆಗೆ ಒಮ್ಮೆ ತಿರುಗುತ್ತದೆ. ಚಂದ್ರ ನಮ್ಮನ್ನು ಸುತ್ತಲು 27 ದಿನ ತೆಗೆದುಕೊಳ್ಳುತ್ತಾನೆ. ನೀರಿನ ಉಬ್ಬು ನೇರವಾಗಿ ಚಂದ್ರನ ಕಡೆಗೇ ಇರಬೇಕು, ಆದರೆ ಅದು ಏಳುವುದು ತಡವಾಗುತ್ತದೆ, ಅಷ್ಟರಲ್ಲಿ ಬೇಗ ತಿರುಗುವ ಭೂಮಿ ಅದನ್ನು ಮುಂದಕ್ಕೆ ಎಳೆದೊಯ್ಯುತ್ತದೆ. ಮುಂದೆ ಹೋದ ಉಬ್ಬು ಚಂದ್ರನನ್ನು ಮುಂದಕ್ಕೆ ಜಗ್ಗುತ್ತದೆ. ಚಂದ್ರ ಉಬ್ಬನ್ನು ಹಿಂದಕ್ಕೆ ಜಗ್ಗುತ್ತಾನೆ. ಹೀಗೆ ಭೂಮಿಯ ತಿರುಗಾಟ ನಿಧಾನವಾಗುತ್ತದೆ, ಚಂದ್ರ ದೂರ ಸರಿಯುತ್ತಾನೆ. ಮಧ್ಯೆ ಒಂದಷ್ಟು ಶಕ್ತಿ ತಿಕ್ಕಾಟದಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಭೂಮಿಯಲ್ಲಿ ಇದರ ದೊಡ್ಡ ಪಾಲು ಕಡಲಿನಲ್ಲೇ ಆಗುತ್ತದೆ.

ಉಬ್ಬು ತಡವಾಗಲು ಈ ತಿಕ್ಕಾಟವೇ ಕಾರಣ. ತಿಕ್ಕಾಟವೇ ಇಲ್ಲದಿದ್ದರೆ ಉಬ್ಬು ಸರಿಯಾಗಿ ಚಂದ್ರನ ಕಡೆಗೇ ನಿಲ್ಲುತ್ತಿತ್ತು, ಜಗ್ಗಾಟ ಇರುತ್ತಿರಲಿಲ್ಲ, ಚಂದ್ರ ಇದ್ದಲ್ಲೇ ಇರುತ್ತಿದ್ದ. ಹಾಗಾಗಿ ಚಂದ್ರ ಎಷ್ಟು ವೇಗವಾಗಿ ದೂರ ಹೋಗುತ್ತಾನೆ ಎನ್ನುವುದು ಭೂಮಿಯೊಳಗೆ ಎಷ್ಟು ತಿಕ್ಕಾಟ ಇದೆ ಎನ್ನುವುದರ ಅಳತೆಯೂ ಹೌದು. ಈ ಲೆಕ್ಕವನ್ನು 1879ರ ಹೊತ್ತಿಗೇ ಗಟ್ಟಿಯಾಗಿ ಕಟ್ಟಿಕೊಟ್ಟವರು ಜಾರ್ಜ್ ಡಾರ್ವಿನ್. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರ ಮಗ.

ಒಂದು ವೇಳೆ ತಿರುಗಾಟ ನಿಧಾನವಾಗಿದ್ದು, ಸುತ್ತುವ ಸಂಗಾತಿಯೇ ವೇಗವಾಗಿದ್ದರೆ? ಆಗ ಉಬ್ಬು ಹಿಂದೆ ಬೀಳುತ್ತದೆ, ಸಂಗಾತಿಯನ್ನು ಹಿಂದಕ್ಕೆ ಜಗ್ಗುತ್ತದೆ. ಸಂಗಾತಿ ದೂರ ಹೋಗುವ ಬದಲು ನಿಧಾನವಾಗಿ ಒಳಗೆ ಕುಸಿಯುತ್ತದೆ.

ಜೋಡಿಯಲ್ಲಿ ಉಬ್ಬರ ಏನೇನು ಬದಲಿಸುತ್ತದೆ?

ಸೂರ್ಯನಂಥ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಸಂಗಾತಿ ಇದೆ. ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿಯ ಪಕ್ಕದ ವಸಿಷ್ಠನನ್ನೇ ನೋಡಿ. ಬರಿಗಣ್ಣಿಗೆ ಒಂದೇ ಚುಕ್ಕಿ. ದೂರದರ್ಶಕದಲ್ಲಿ ಎರಡು. ಆ ಎರಡರಲ್ಲಿ ಹೆಚ್ಚು ಹೊಳೆಯುವುದು ಮತ್ತೆ ಎರಡು ನಕ್ಷತ್ರಗಳ ಜೋಡಿ ಎಂದು 1889ರಲ್ಲಿ ಅಮೆರಿಕದ ಎಡ್ವರ್ಡ್ ಪಿಕರಿಂಗ್ ಹೇಳಿದರು. ಕಣ್ಣಿಗೆ ಬೇರೆಯಾಗಿ ಕಾಣದೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಮಾತ್ರ ಗೊತ್ತಾದ ಜೋಡಿಗಳಲ್ಲಿ ಇದೇ ಮೊದಲನೆಯದು. ಅವು 20 ದಿನ ಚಿಲ್ಲರೆಗೆ ಒಂದು ಸುತ್ತು ಬರುತ್ತವೆ.

ಇಂಥ ಜೋಡಿಯಲ್ಲಿ ಉಬ್ಬರದ ಸೋರಿಕೆ ಮೂರು ಕೆಲಸ ಮಾಡುತ್ತದೆ. ಮೊದಲಿಗೆ, ನಕ್ಷತ್ರ ತನ್ನ ಸುತ್ತ ತಿರುಗುವ ವೇಗವನ್ನು ಜೋಡಿಯ ಸುತ್ತಾಟಕ್ಕೆ ಹೊಂದಿಸುತ್ತದೆ. ಚಂದ್ರ ನಮಗೆ ಒಂದೇ ಮುಖ ತೋರಿಸುವುದು ಇದೇ ಕಾರಣಕ್ಕೆ. ಜೊತೆಗೆ, ಓರೆಯಾಗಿ ನಿಂತ ತಿರುಗು ಅಕ್ಷವನ್ನು ನೆಟ್ಟಗೆ ಮಾಡುತ್ತದೆ. ಎಲ್ಲಕ್ಕಿಂತ ನಿಧಾನವಾಗಿ ಆಗುವುದು ಮೂರನೆಯ ಕೆಲಸ: ಮೊಟ್ಟೆಯಂತೆ ಉದ್ದಕ್ಕಿರುವ ಕಕ್ಷೆಯನ್ನು ದುಂಡಗೆ ಮಾಡುವುದು.

ದುಂಡಗೆ ಯಾಕಾಗುತ್ತದೆ? ಉದ್ದನೆಯ ಕಕ್ಷೆಯಲ್ಲಿ ನಕ್ಷತ್ರಗಳು ಒಮ್ಮೆ ಹತ್ತಿರ ಬರುತ್ತವೆ, ಒಮ್ಮೆ ದೂರ ಹೋಗುತ್ತವೆ. ಹತ್ತಿರ ಬಂದಾಗ ಜಾಸ್ತಿ ಹಿಗ್ಗುತ್ತವೆ, ದೂರ ಹೋದಾಗ ಸಡಿಲಾಗುತ್ತವೆ. ಒಂದು ತಂತಿಯನ್ನು ಹಿಡಿದು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡಿದರೆ ಆ ಜಾಗ ಬಿಸಿಯಾಗುತ್ತದೆ ಅಲ್ವಾ? ಇಲ್ಲೂ ಹಾಗೆಯೇ. ಆ ಬಿಸಿಗೆ ಬೇಕಾದ ಶಕ್ತಿ ಸುತ್ತಾಟದಿಂದಲೇ ಬರಬೇಕು. ಪ್ರತಿ ಸಲ ಹತ್ತಿರ ಬಂದಾಗ ಸ್ವಲ್ಪ ವೇಗ ಕಳೆದುಕೊಂಡ ನಕ್ಷತ್ರ ಮುಂದಿನ ಸಲ ಅಷ್ಟು ದೂರ ಹೋಗಲಾರದು. ಹೀಗೆ ದೂರದ ತುದಿ ಒಳಗೆ ಬರುತ್ತಾ ಬರುತ್ತಾ ಕಕ್ಷೆ ದುಂಡಗಾಗುತ್ತದೆ. ದುಂಡಗಾದ ಮೇಲೆ ಹಿಗ್ಗು ಸದಾ ಒಂದೇ ಸಮ. ಮಡಚಿ ಬಿಚ್ಚುವ ಕೆಲಸ ಅಲ್ಲಿಗೆ ನಿಲ್ಲುತ್ತದೆ.

ಬರೀ ಅನಿಲದಲ್ಲಿ ತಿಕ್ಕಾಟ ಎಲ್ಲಿಂದ ಬಂತು?

ನಕ್ಷತ್ರದಲ್ಲಿ ಕಡಲೂ ಇಲ್ಲ, ಕಡಲ ತಳವೂ ಇಲ್ಲ. ತಿಕ್ಕಾಡಲು ಏನಿದೆ? ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಫ್ರಾನ್ಸಿನ ಜಾನ್-ಪಾಲ್ ಜಾನ್. 1960 ಮತ್ತು 70ರ ದಶಕಗಳಲ್ಲಿ ಅವರು ಎರಡು ದಾರಿಗಳನ್ನು ವಿವರಿಸಿದರು.

ಸೂರ್ಯನಂಥ ನಕ್ಷತ್ರಗಳ ಹೊರಪದರ ಕುದಿಯುವ ಗಂಜಿಯ ಹಾಗೆ. ಬಿಸಿ ಅನಿಲ ಮೇಲೆ ಬರುತ್ತದೆ, ತಣ್ಣಗಾಗಿ ಕೆಳಗೆ ಇಳಿಯುತ್ತದೆ. ಉಬ್ಬು ಈ ಕುದಿತದ ಮೂಲಕ ಸಾಗುವಾಗ ಸುಳಿಗಳು ಅದನ್ನು ಚದುರಿಸುತ್ತವೆ. ಶಕ್ತಿ ಅಲ್ಲಿ ಸೋರುತ್ತದೆ. ಸೂರ್ಯನಿಗಿಂತ ಬಹಳ ದೊಡ್ಡ, ಬಿಸಿ ನಕ್ಷತ್ರಗಳ ಹೊರಪದರದಲ್ಲಿ ಈ ಕುದಿತ ಇಲ್ಲ. ಅಲ್ಲಿ ಇನ್ನೊಂದು ದಾರಿ: ಉಬ್ಬರ ಒಳಗೆ ಅಲೆಗಳನ್ನು ಎಬ್ಬಿಸುತ್ತದೆ, ಅವು ಮೇಲ್ಮೈ ಹತ್ತಿರ ಬಂದು ಕರಗುತ್ತವೆ.

ಎರಡನೆಯದನ್ನು ತಿಳಿಯಲು ಅರ್ಧ ತುಂಬಿದ ಕೊಡ ಹೊತ್ತು ನಡೆದವರನ್ನು ಕೇಳಿ. ನೀರಿಗೆ ತನ್ನದೇ ಒಂದು ತುಳುಕಾಟದ ಲಯ ಇರುತ್ತದೆ. ನಿಮ್ಮ ಹೆಜ್ಜೆ ಆ ಲಯಕ್ಕೆ ಕೂಡಿತೋ, ನೀರು ಹೊರಗೆ ಚೆಲ್ಲಿತು. ಹೆಜ್ಜೆ ಸ್ವಲ್ಪ ಬದಲಿಸಿದರೆ ಸುಮ್ಮನಾಗುತ್ತದೆ. ನಕ್ಷತ್ರದೊಳಗಿನ ಅಲೆಗಳೂ ಹೀಗೆಯೇ. ಜೋಡಿಯ ಸುತ್ತು ಅವುಗಳ ಲಯಕ್ಕೆ ಕೂಡಿದಾಗ ಸೋರಿಕೆ ಒಮ್ಮೆಲೇ ಏರುತ್ತದೆ.

ಹೊರಪದರದಲ್ಲಿ ಕುದಿತ ಇಲ್ಲದ ಬಿಸಿ ನಕ್ಷತ್ರಗಳಿಗೆ ಚಿತ್ತಾ ನಕ್ಷತ್ರ ಒಳ್ಳೆಯ ಉದಾಹರಣೆ. ನಮ್ಮ ಚಿತ್ತೆ ಮಳೆಗೆ ಹೆಸರು ಕೊಟ್ಟ ನಕ್ಷತ್ರ ಇದೇ. ಸುಮಾರು 250 ಬೆಳಕಿನ ವರ್ಷ ದೂರದಲ್ಲಿ ಎರಡು ಭಾರೀ ಬಿಸಿ ನಕ್ಷತ್ರಗಳು 4 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ. ಎಷ್ಟು ಹತ್ತಿರ ಅಂದರೆ ಉಬ್ಬರದ ಹಿಗ್ಗಿಗೆ ಅವು ಪೂರ್ತಿ ದುಂಡಗೆ ಉಳಿದಿಲ್ಲ. ಇಷ್ಟಿದ್ದರೂ ಅವುಗಳ ಕಕ್ಷೆ ಇನ್ನೂ ಸ್ವಲ್ಪ ಉದ್ದಕ್ಕೇ ಇದೆ. ಸೂರ್ಯನಂಥ ಎರಡು ನಕ್ಷತ್ರಗಳು 4 ದಿನದ ಸುತ್ತಿನಲ್ಲಿದ್ದರೆ ಸಾಮಾನ್ಯವಾಗಿ ದುಂಡು ಕಕ್ಷೆಯೇ ಸಿಗುತ್ತದೆ. ಚಿತ್ತೆಯ ನಕ್ಷತ್ರಗಳು ಚಿಕ್ಕ ವಯಸ್ಸಿನವು. ಮೇಲಾಗಿ ಅವುಗಳ ಹೊರಪದರದಲ್ಲಿ ಕುದಿತ ಇಲ್ಲ.

ಮೊದಲ ಅಳತೆ: ಕಕ್ಷೆ ಎಷ್ಟು ದುಂಡಗಿದೆ?

ಒಂದು ಜೋಡಿಯ ಕಕ್ಷೆ ದುಂಡಗಾಗುವುದನ್ನು ಕಾದು ನೋಡಲು ಯಾರಿಗೂ ಆಯುಸ್ಸು ಸಾಲದು. ಕೋಟಿಗಟ್ಟಲೆ ವರ್ಷ ಬೇಕು. ಅದಕ್ಕೆ ವಿಜ್ಞಾನಿಗಳು ಒಂದು ಜಾಣ ದಾರಿ ಹಿಡಿದರು.

ನಕ್ಷತ್ರಗಳು ಗುಂಪಾಗಿ ಹುಟ್ಟುತ್ತವೆ. ಒಂದು ಗುಂಪಿನ ನಕ್ಷತ್ರಗಳಿಗೆಲ್ಲ ಒಂದೇ ವಯಸ್ಸು, ಒಂದೇ ದಿನ ನಾಟಿ ಮಾಡಿದ ಗದ್ದೆಯ ಪೈರಿನ ಹಾಗೆ. ಗುಂಪಿನ ವಯಸ್ಸನ್ನು ಬೇರೆ ರೀತಿಯಲ್ಲಿ ಕಂಡುಹಿಡಿಯಬಹುದು. ಈಗ ಆ ಗುಂಪಿನಲ್ಲಿರುವ ಜೋಡಿಗಳನ್ನೆಲ್ಲ ಹುಡುಕಿ, ಪ್ರತಿಯೊಂದರ ಸುತ್ತಿನ ಅವಧಿ ಮತ್ತು ಕಕ್ಷೆಯ ಆಕಾರ ಬರೆದಿಡಿ.

ಆಕಾರ ತಿಳಿಯುವುದು ಬೆಳಕಿನಿಂದ. ನಕ್ಷತ್ರ ನಮ್ಮ ಕಡೆ ಬರುವಾಗ ಅದರ ಬೆಳಕು ತುಸು ನೀಲಿಯ ಕಡೆ ಸರಿಯುತ್ತದೆ, ದೂರ ಹೋಗುವಾಗ ಕೆಂಪಿನ ಕಡೆ. ಇದನ್ನು ರಾತ್ರಿ ರಾತ್ರಿ ಅಳೆದು ಗ್ರಾಫ್ ಹಾಕಿದರೆ, ದುಂಡು ಕಕ್ಷೆಗೆ ಸಮನಾದ ಅಲೆ ಬರುತ್ತದೆ. ಉದ್ದ ಕಕ್ಷೆಗೆ ಓರೆಕೋರೆ ಅಲೆ: ಸರ್ರನೆ ಒಂದು ಕಡೆ, ನಿಧಾನವಾಗಿ ಇನ್ನೊಂದು ಕಡೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕಕ್ಕೂ ಹೀಗೆ ಬೆಳಕನ್ನು ಬಿಡಿಸಿ ಅಳೆಯುವ ಉಪಕರಣ ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಒಂದು ಗುಂಪಿನ ಲೆಕ್ಕ ಮುಗಿದಾಗ ಒಂದು ಗಡಿ ಎದ್ದು ಕಾಣುತ್ತದೆ. ಗಡಿಗಿಂತ ಕಡಿಮೆ ಅವಧಿಯ ಜೋಡಿಗಳ ಕಕ್ಷೆ ಬಹುತೇಕ ದುಂಡು. ಗಡಿಯಾಚೆ ಎಲ್ಲ ಆಕಾರಗಳೂ ಇವೆ. ಹತ್ತಿರದವುಗಳಲ್ಲಿ ಉಬ್ಬರ ಕೆಲಸ ಮುಗಿಸಿದೆ, ದೂರದವುಗಳಲ್ಲಿ ಇನ್ನೂ ಮುಗಿಸಿಲ್ಲ. ದೂರ ಎರಡು ಪಟ್ಟಾದರೆ ತಿರುಚು ಬಲ 64ನೇ ಒಂದು ಭಾಗಕ್ಕೆ ಕುಸಿಯುತ್ತದೆ ಅಂತ ಆಗ ಹೇಳಿದೆನಲ್ಲ, ಅದಕ್ಕೇ ಈ ಗಡಿ ಇಷ್ಟು ಚೂಪು.

ಈಗ ಬೇರೆ ಬೇರೆ ವಯಸ್ಸಿನ ಗುಂಪುಗಳನ್ನು ಸಾಲಾಗಿ ನಿಲ್ಲಿಸಿ. 2005ರಲ್ಲಿ ಖಗೋಳ ವಿಜ್ಞಾನಿಗಳಾದ ಸೊರೆನ್ ಮೈಬೊಮ್ ಮತ್ತು ರಾಬರ್ಟ್ ಮ್ಯಾಥ್ಯೂ ಇದನ್ನು ಮಾಡಿ ತೋರಿಸಿದರು. ಸುಮಾರು 12 ಕೋಟಿ ವರ್ಷ ವಯಸ್ಸಿನ ಕೃತ್ತಿಕೆಯಲ್ಲಿ ಗಡಿ ಸುಮಾರು 7 ದಿನ. 15 ಕೋಟಿ ವರ್ಷದ ಎಂ35 ಗುಂಪಿನಲ್ಲಿ 10 ದಿನ. ಕರ್ಕಾಟಕ ರಾಶಿಯ ಎಂ67, ವಯಸ್ಸು ಸುಮಾರು 400 ಕೋಟಿ ವರ್ಷ. ಅಲ್ಲಿ 12 ದಿನ. ಧ್ರುವ ನಕ್ಷತ್ರದ ಹತ್ತಿರ ಕಾಣುವ, 600 ಕೋಟಿ ವರ್ಷ ದಾಟಿದ ಎನ್‌ಜಿಸಿ 188ರಲ್ಲಿ 14 ದಿನದ ಮೇಲೆ. ವಯಸ್ಸಾದಂತೆ ಗಡಿ ಆಚೆಗೆ ಸರಿಯುತ್ತಿದೆ. ಗಡಿ ಸರಿಯುವ ವೇಗವೇ ಸೋರಿಕೆಯ ಅಳತೆ. ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದದ್ದು ಇದೇ. ಒಂದು ಗುಂಪನ್ನು ಕೋಟಿ ವರ್ಷ ಕಾಯುವ ಬದಲು, ನಾಲ್ಕು ವಯಸ್ಸಿನ ನಾಲ್ಕು ಗುಂಪುಗಳನ್ನು ಒಟ್ಟಿಗೆ ನೋಡುವುದು.

ಆದರೆ ಸಾಲಿನಲ್ಲಿ ಒಂದು ತೊಡಕಿದೆ. ರೋಹಿಣಿಯ ಸುತ್ತ ಕಾಣುವ ಹಯಾಡಿಸ್ ಮತ್ತು ಪುಷ್ಯದ ಗುಂಪು ಕೃತ್ತಿಕೆಗಿಂತ ಹಳೆಯವು. ಗಡಿ 7 ದಿನಕ್ಕಿಂತ ಆಚೆ ಇರಬೇಕಿತ್ತು. ಸಿಕ್ಕಿದ್ದು 3 ದಿನ ಚಿಲ್ಲರೆ. ಚಿಕ್ಕ ಗುಂಪಿನಲ್ಲಿ ಜೋಡಿಗಳೇ ಕಡಿಮೆ, ಹಾಗಾಗಿ ಒಂದು ಜೋಡಿ ವಿಚಿತ್ರವಾಗಿದ್ದರೂ ಗಡಿ ಅಲುಗುತ್ತದೆ. ಈಗ ಯುರೋಪಿನ ಗಾಯಾ ಉಪಗ್ರಹ 2022ರಲ್ಲಿ ಬಿಡುಗಡೆ ಮಾಡಿದ ಪಟ್ಟಿಯಲ್ಲಿ 8 ಲಕ್ಷಕ್ಕೂ ಹೆಚ್ಚು ಜೋಡಿಗಳ ಲೆಕ್ಕ ಇದೆ. ಇಷ್ಟು ಜೋಡಿಗಳು ಕೈಯಲ್ಲಿದ್ದರೆ ಒಂದೆರಡರ ವಿಚಿತ್ರ ನಡತೆ ಲೆಕ್ಕ ಕೆಡಿಸುವುದಿಲ್ಲ.

ಇನ್ನೊಂದು ತೊಡಕು ಇನ್ನೂ ದೊಡ್ಡದು. ಜಾನ್ ಅವರ ಲೆಕ್ಕದ ಪ್ರಕಾರ ಕಕ್ಷೆ ದುಂಡಗಾಗುವುದು ಬಹುಪಾಲು ನಕ್ಷತ್ರ ಇನ್ನೂ ಎಳೆಯದಾಗಿ, ಊದಿಕೊಂಡಿರುವಾಗ. ಆಮೇಲೆ ಗಡಿ 7-8 ದಿನದಲ್ಲೇ ನಿಲ್ಲಬೇಕು. ಆಕಾಶದಲ್ಲಿ ಅದು 14 ದಿನದವರೆಗೆ ಹೋಗಿದೆ. ಅಂದರೆ ಹಳೆಯ ನಕ್ಷತ್ರಗಳಲ್ಲೂ ಸೋರಿಕೆ ಲೆಕ್ಕಕ್ಕಿಂತ ಜಾಸ್ತಿ ನಡೆದಿದೆ. ಯಾಕೆ ಎನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಕಷ್ಟ ಇರುವುದು ಕುದಿತದ ವೇಗದಲ್ಲಿ. ಸೂರ್ಯನಂಥ ನಕ್ಷತ್ರದ ಆಳದಲ್ಲಿ ಒಂದು ಸುಳಿ ತಿರುಗಿ ಮುಗಿಯಲು ವಾರಗಳು ಬೇಕು. ಉಬ್ಬರ ಒಂದೆರಡು ದಿನದಲ್ಲೇ ದಿಕ್ಕು ಬದಲಿಸಿಬಿಡುತ್ತದೆ. ನಿಧಾನವಾಗಿ ಬಡಿಸುವವರು ಬರುವಷ್ಟರಲ್ಲಿ ಪಂಕ್ತಿಯೇ ಎದ್ದು ಹೋದ ಹಾಗೆ. ಹೀಗಾದಾಗ ತಿಕ್ಕಾಟ ಎಷ್ಟು ಕಡಿಮೆಯಾಗುತ್ತದೆ ಎಂಬ ಚರ್ಚೆ 1970ರ ದಶಕದಿಂದಲೂ ನಡೆದಿದೆ.

ಎರಡನೆಯ ಅಳತೆ: ತಿರುಗಾಟ ಹೊಂದಿಕೊಂಡಿದೆಯೇ?

ನಕ್ಷತ್ರದ ಮೇಲೂ ಸೂರ್ಯನ ಮೇಲಿರುವಂಥ ಕಲೆಗಳಿರುತ್ತವೆ. ತಿರುಗುವಾಗ ಕಲೆ ನಮ್ಮ ಕಡೆ ಬಂದರೆ ಬೆಳಕು ತುಸು ಮಂಕಾಗುತ್ತದೆ. ಈ ಮಂಕಿನ ಲಯದಿಂದ ತಿರುಗಾಟದ ಅವಧಿ ಸಿಗುತ್ತದೆ. ಜೋಡಿಯಲ್ಲಿ ಗ್ರಹಣ ಆಗುತ್ತಿದ್ದರೆ ಸುತ್ತಿನ ಅವಧಿಯೂ ಸಿಗುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರಾಯಿತು.

ಕೆಪ್ಲರ್ ದೂರದರ್ಶಕ ನೋಡಿದ ಗ್ರಹಣದ ಜೋಡಿಗಳಲ್ಲಿ ಹೀಗೆ ಮಾಡಿದಾಗ, 10 ದಿನಕ್ಕಿಂತ ಕಡಿಮೆ ಅವಧಿಯ ಬಹುಪಾಲು ಜೋಡಿಗಳು ಹೊಂದಿಕೊಂಡಿದ್ದವು. ಒಂದಷ್ಟು ಜೋಡಿಗಳು ಮಾತ್ರ ಸ್ವಲ್ಪ ನಿಧಾನವಾಗಿ ತಿರುಗುತ್ತಿರುವಂತೆ ಕಂಡವು. ಸೂರ್ಯನ ಧ್ರುವದ ಕಡೆಯ ಭಾಗ ನಡುಪಟ್ಟಿಗಿಂತ ನಿಧಾನವಾಗಿ ತಿರುಗುತ್ತದೆ. ಕಲೆಗಳು ಧ್ರುವದ ಕಡೆ ಇದ್ದರೆ ಹೀಗೆ ಕಾಣಲು ಸಾಧ್ಯ.

ಮೂರನೆಯ ಅಳತೆ: ಆಕಾಶದ ಗಡಿಯಾರ

ಇದು ನೇರವಾದ ದಾರಿ. ಸೋರಿಕೆಯಿಂದ ಸುತ್ತಿನ ಅವಧಿ ಬದಲಾಗುತ್ತಿದ್ದರೆ, ಗ್ರಹಣಗಳು ಹೇಳಿದ ಸಮಯಕ್ಕೆ ಬರುವುದಿಲ್ಲ. ಎಷ್ಟು ಮೊದಲು ಬಂತು ಅಂತ ಅಳೆದರೆ ಸಾಕು.

ವಾಸ್ಪ್-12 ಎಂಬ ನಕ್ಷತ್ರದಲ್ಲಿ ಇದು ಸ್ಪಷ್ಟವಾಗಿ ಕಂಡಿದೆ. ಇಲ್ಲಿ ಸಂಗಾತಿ ನಕ್ಷತ್ರವಲ್ಲ, ಗುರುವಿಗಿಂತ ದೊಡ್ಡ ಗ್ರಹ. ಆದರೆ ಭೌತಶಾಸ್ತ್ರ ಅದೇ. ಗ್ರಹ ನಕ್ಷತ್ರದಲ್ಲಿ ಉಬ್ಬರ ಎಬ್ಬಿಸುತ್ತದೆ, ಆ ಉಬ್ಬು ಹಿಂದೆ ಬಿದ್ದು ಗ್ರಹವನ್ನು ಒಳಗೆ ಎಳೆಯುತ್ತಿದೆ. ಗ್ರಹದ ಒಂದು ವರ್ಷ ಅಂದರೆ ನಮ್ಮ 26 ಗಂಟೆ. ಆ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕಡಿಮೆಯಾಗುತ್ತಿದೆ ಎನ್ನುವುದು 2020ರ ಹೊತ್ತಿಗೆ ಖಚಿತವಾಯಿತು.

29 ಮಿಲಿಸೆಕೆಂಡ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಅದನ್ನು ಹಿಡಿದದ್ದು ಹೇಗೆ? ವ್ಯತ್ಯಾಸ ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುತ್ತದೆ. ಗೋಡೆ ಗಡಿಯಾರ ಇವತ್ತು ಒಂದು ಸೆಕೆಂಡ್ ಮುಂದೆ ಓಡಿ, ನಾಳೆ ಎರಡು, ನಾಡಿದ್ದು ಮೂರು ಓಡಿದರೆ ತಿಂಗಳಲ್ಲಿ ನಿಮಿಷಗಟ್ಟಲೆ ತಪ್ಪು ತೋರಿಸುತ್ತದೆ. ಇಲ್ಲೂ ಹಾಗೆ. ಮೊದಲ ದಿನದ ಅವಧಿಯನ್ನೇ ಹಿಡಿದು ಲೆಕ್ಕ ಹಾಕಿದರೆ, ಒಂದು ವರ್ಷದ ಕೊನೆಗೆ ಗ್ರಹ ಬರೀ 5 ಸೆಕೆಂಡ್ ಮೊದಲು ಬರುತ್ತದೆ. 10 ವರ್ಷದ ಕೊನೆಗೆ ಸುಮಾರು 8 ನಿಮಿಷ ಮೊದಲು. ಹತ್ತು ಪಟ್ಟು ಕಾದರೆ ನೂರು ಪಟ್ಟು ವ್ಯತ್ಯಾಸ. ಹಾಗಾಗಿ ಈ ಕೆಲಸದಲ್ಲಿ ದೊಡ್ಡ ದೂರದರ್ಶಕಕ್ಕಿಂತ ಹಳೆಯ ದಾಖಲೆಗೆ ಬೆಲೆ ಜಾಸ್ತಿ. ಇದೇ ವೇಗದಲ್ಲಿ ಹೋದರೆ ಆ ಗ್ರಹದ ಆಯುಸ್ಸು ಸುಮಾರು 30 ಲಕ್ಷ ವರ್ಷ. ನಕ್ಷತ್ರಗಳ ಲೆಕ್ಕದಲ್ಲಿ ಅದು ತೀರಾ ಕಡಿಮೆ.

ಗಡಿಯಾರ ತಪ್ಪಿದರೆ ಅದಕ್ಕೆಲ್ಲ ಉಬ್ಬರವೇ ಕಾರಣ ಅನ್ನುವ ಹಾಗಿಲ್ಲ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಅನಿಲ ಹರಿದರೂ ಅವಧಿ ಬದಲಾಗುತ್ತದೆ. ಮೂರನೆಯ ನಕ್ಷತ್ರವೊಂದು ದೂರದಲ್ಲಿದ್ದರೆ ಜೋಡಿ ಹಿಂದೆ ಮುಂದೆ ತೂಗಾಡಿ, ಬೆಳಕು ನಮ್ಮನ್ನು ತಲುಪುವ ಸಮಯ ಏರುಪೇರಾಗುತ್ತದೆ. ನಕ್ಷತ್ರದ ಕಾಂತಶಕ್ತಿಯ ಏರಿಳಿತವೂ ಮೋಸ ಮಾಡಬಹುದು. ಜಾನ್ ಗುಡ್‌ರಿಕ್ ಎಂಬ ಕಿವಿ ಕೇಳದ ಯುವಕ 1783ರಲ್ಲಿ ಅಲ್ಗಾಲ್ ನಕ್ಷತ್ರ ಸುಮಾರು 2 ದಿನ 21 ಗಂಟೆಗೊಮ್ಮೆ ಮಂಕಾಗುವುದನ್ನು ಲೆಕ್ಕ ಹಾಕಿ, ಗ್ರಹಣ ಕಾರಣ ಇರಬಹುದು ಎಂದಿದ್ದ. ಆಗ ಅವನಿಗೆ ಇನ್ನೂ 20 ತುಂಬಿರಲಿಲ್ಲ. ಅಷ್ಟು ಹಳೆಯ ದಾಖಲೆ ಇದ್ದರೂ ಅಲ್ಗಾಲ್‌ನಿಂದ ಉಬ್ಬರದ ಪಾಲನ್ನು ಬಿಡಿಸುವುದು ಕಷ್ಟ, ಅಲ್ಲಿ ಅನಿಲ ಹರಿಯುತ್ತದೆ, ಮೂರನೆಯ ನಕ್ಷತ್ರವೂ ಇದೆ.

ದಾಖಲೆಯೇ ತಪ್ಪಿದ್ದರೆ? ಕೆಐಸಿ 9832227 ಎಂಬ ಜೋಡಿ 2022ರ ಹೊತ್ತಿಗೆ ಡಿಕ್ಕಿ ಹೊಡೆದು ಒಂದಾಗುತ್ತದೆ, ಬರಿಗಣ್ಣಿಗೇ ಹೊಸ ನಕ್ಷತ್ರ ಕಾಣುತ್ತದೆ ಎಂದು 2017ರಲ್ಲಿ ದೊಡ್ಡ ಸುದ್ದಿಯಾಯಿತು. ಮರುವರ್ಷ ಇನ್ನೊಂದು ತಂಡ ಲೆಕ್ಕ ಪರಿಶೀಲಿಸಿದಾಗ, ಹಳೆಯದೊಂದು ಗ್ರಹಣದ ಸಮಯ 12 ಗಂಟೆ ತಪ್ಪಾಗಿ ಅಚ್ಚಾಗಿದ್ದು ಗೊತ್ತಾಯಿತು. ಅದನ್ನು ಸರಿಪಡಿಸಿದ ಕೂಡಲೇ ಕುಸಿತವೇ ಮಾಯವಾಯಿತು. ಡಿಕ್ಕಿ ಆಗಲಿಲ್ಲ.

ನಿಜವಾಗಿ ಡಿಕ್ಕಿಯಾದ ಜೋಡಿಯೂ ಒಂದಿದೆ. 2008ರಲ್ಲಿ ವೃಶ್ಚಿಕ ರಾಶಿಯಲ್ಲಿ ವಿ1309 ಎಂಬ ನಕ್ಷತ್ರ ಒಮ್ಮೆಲೇ ಹೊಳೆಯಿತು. ಪೋಲೆಂಡಿನ ಓಗಲ್ ತಂಡದ ಹಳೆಯ ಚಿತ್ರಗಳನ್ನು ತೆಗೆದು ನೋಡಿದರೆ, ಅದು ಮೊದಲು 1.4 ದಿನದ ಜೋಡಿಯಾಗಿತ್ತು. ಸ್ಫೋಟದ ಹಿಂದಿನ ವರ್ಷಗಳಲ್ಲಿ ಅದರ ಅವಧಿ ವರ್ಷದಿಂದ ವರ್ಷಕ್ಕೆ ಜೋರಾಗಿ ಇಳಿಯುತ್ತಾ ಬಂದಿತ್ತು. ಎರಡು ನಕ್ಷತ್ರಗಳು ಒಂದಾಗುವುದನ್ನು ಮನುಷ್ಯರು ಮೊದಲಿನಿಂದ ಕೊನೆವರೆಗೆ ದಾಖಲಿಸಿದ್ದು ಅದೇ ಮೊದಲು.

ಎದೆಬಡಿತದ ನಕ್ಷತ್ರಗಳು

ಕೆಲವು ಜೋಡಿಗಳ ಕಕ್ಷೆ ತುಂಬ ಉದ್ದ. ಹತ್ತಿರ ಬಂದ ಗಳಿಗೆಯಲ್ಲಿ ಮಾತ್ರ ಬೆಳಕು ಸಟ್ಟನೆ ಏರಿ ಇಳಿಯುತ್ತದೆ. ಗ್ರಾಫ್ ನೋಡಿದರೆ ಥೇಟ್ ಇಸಿಜಿ. ಅದಕ್ಕೇ ಇವುಗಳಿಗೆ ಎದೆಬಡಿತದ ನಕ್ಷತ್ರಗಳು ಎಂಬ ಹೆಸರು.

2011ರಲ್ಲಿ ವಿವರವಾಗಿ ವರದಿಯಾದ ಕೆಒಐ-54 ಜೋಡಿಯ ಸುತ್ತು ಸುಮಾರು 42 ದಿನ. ಹತ್ತಿರ ಬಂದು ಹೋದ ಮೇಲೂ ಅದರ ಬೆಳಕು ಸಣ್ಣಗೆ ನಡುಗುತ್ತಲೇ ಇರುತ್ತದೆ. ಮುಖ್ಯವಾದ ಎರಡು ನಡುಕಗಳು ಒಂದು ಸುತ್ತಿಗೆ ಸರಿಯಾಗಿ 90 ಮತ್ತು 91 ಸಲ ಆಗುತ್ತವೆ. ಹೆಜ್ಜೆಯ ಲಯ ಕೊಡದ ನೀರಿಗೆ ಕೂಡಿದ ಹಾಗೆ, ಸುತ್ತಿನ ಲಯ ನಕ್ಷತ್ರದ ಒಳಗಿನ ಅಲೆಗಳಿಗೆ ಕೂಡಿಕೊಂಡಿದೆ. ಉಳಿದ ಅಳತೆಗಳಲ್ಲಿ ನಾವು ಸೋರಿಕೆಯ ಫಲವನ್ನು ಮಾತ್ರ ನೋಡುತ್ತೇವೆ. ಇಲ್ಲಿ ಶಕ್ತಿಯನ್ನು ಹೊತ್ತೊಯ್ಯುವ ಅಲೆಯೇ ಕಾಣುತ್ತದೆ.

ಎಲ್ಲವನ್ನೂ ಒಂದೇ ಅಂಕಿಯಲ್ಲಿ ಹೇಳಬಹುದೇ?

ವಿಜ್ಞಾನಿಗಳು ಸೋರಿಕೆಯನ್ನು ಕ್ಯೂ (Q) ಎಂಬ ಅಂಕಿಯಲ್ಲಿ ಹೇಳುತ್ತಾರೆ. ಉಬ್ಬಿನಲ್ಲಿ ಕೂಡಿಟ್ಟ ಶಕ್ತಿಯಲ್ಲಿ ಪ್ರತಿ ಏರಿಳಿತಕ್ಕೆ ಎಷ್ಟು ಪಾಲು ಸೋರುತ್ತದೆ ಎನ್ನುವುದರ ಲೆಕ್ಕ ಅದು. ಅಂಕಿ ಚಿಕ್ಕದಾದರೆ ಸೋರಿಕೆ ಜಾಸ್ತಿ, ದೊಡ್ಡದಾದರೆ ಕಡಿಮೆ. ಭೂಮಿಯದು ಸುಮಾರು 12. ನೂರು ರೂಪಾಯಿ ಇಟ್ಟರೆ ಪ್ರತಿ ಸಲ ಸುಮಾರು ಐವತ್ತು ಹೋದ ಹಾಗೆ, ನಮ್ಮ ಕಡಲು ಅಷ್ಟು ಸೋರುತ್ತದೆ.

ನಕ್ಷತ್ರಗಳಿಗೆ ಇದೇ ಅಂಕಿಯ ತುಸು ತಿದ್ದಿದ ರೂಪ ಬಳಸುತ್ತಾರೆ. ವಾಸ್ಪ್-12ರ ಗಡಿಯಾರ ಕೊಡುವ ಉತ್ತರ ಸುಮಾರು 1 ಲಕ್ಷ 80 ಸಾವಿರ. ನಕ್ಷತ್ರ ಗುಂಪುಗಳ ಗಡಿಯಿಂದ ಬರುವುದು ಹೆಚ್ಚುಕಡಿಮೆ 10 ಲಕ್ಷ. ವಾಸ್ಪ್-18 ಎಂಬ ಇನ್ನೊಂದು ನಕ್ಷತ್ರದ ಸುತ್ತ ಗುರುವಿನ ಹತ್ತು ಪಟ್ಟು ತೂಕದ ಗ್ರಹ 23 ಗಂಟೆಗೇ ಒಂದು ಸುತ್ತು ಬರುತ್ತದೆ. ಅದು ವಾಸ್ಪ್-12ಕ್ಕಿಂತ ಬೇಗ ಕುಸಿಯಬೇಕಿತ್ತು. ಅಲ್ಲಿ ಕುಸಿತದ ಸುಳಿವೇ ಸಿಕ್ಕಿಲ್ಲ, ಅಂದರೆ ಅದರ ಅಂಕಿ ಇನ್ನೂ ಬಹಳ ದೊಡ್ಡದು.

ಇದರಲ್ಲಿ ಯಾವ ಅಳತೆಯೂ ತಪ್ಪಿರಬೇಕಾಗಿಲ್ಲ. ಕ್ಯೂ ಎನ್ನುವುದು ಬಂಗಾರದ ತೂಕದ ಹಾಗೆ ಒಂದೇ ಕಡೆ ನಿಲ್ಲುವ ಅಂಕಿ ಅಲ್ಲ. ನಕ್ಷತ್ರದ ವಯಸ್ಸು, ಹೊರಪದರದ ಕುದಿತ, ಉಬ್ಬರದ ಲಯ, ಇವುಗಳ ಜೊತೆ ಅದೂ ಬದಲಾಗುತ್ತದೆ. ಹಸಿ ಮೊಟ್ಟೆ, ಅರೆಬೆಂದ ಮೊಟ್ಟೆ, ಪೂರ್ತಿ ಬೆಂದ ಮೊಟ್ಟೆ, ಮೂರೂ ಬೇರೆ ಬೇರೆ ಹೊತ್ತಿಗೆ ನಿಲ್ಲುತ್ತವೆ. ವಾಸ್ಪ್-12 ಮುಪ್ಪಿನ ಕಡೆ ಹೊರಟು ಅದರ ಒಳರಚನೆ ಬದಲಾಗಿರಬಹುದು ಎನ್ನುವುದು ಕೆಲವರ ಅಂದಾಜು.

ಇದು ಗೊತ್ತಾದರೆ ಏನಾಗುತ್ತದೆ?

ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೊ ಕೇಳುವುದು ಜೋಡಿ ಕಪ್ಪುಕುಳಿಗಳು ಡಿಕ್ಕಿಯಾಗುವ ಸದ್ದನ್ನು. ಆ ಕಪ್ಪುಕುಳಿಗಳಲ್ಲಿ ಬಹಳಷ್ಟು ಮೊದಲು ಜೋಡಿ ನಕ್ಷತ್ರಗಳಾಗಿದ್ದವು ಅಂತ ತಿಳಿಯಲಾಗಿದೆ. ಅವು ಎಷ್ಟು ಹತ್ತಿರ ಬಂದವು, ಎಷ್ಟು ಜೋರಾಗಿ ತಿರುಗುತ್ತಿದ್ದವು ಎನ್ನುವುದನ್ನು ತಿದ್ದಿದ್ದು ಉಬ್ಬರದ ಸೋರಿಕೆ. ಹತ್ತಿರದ ಗ್ರಹಗಳು ಎಷ್ಟು ಕಾಲ ಉಳಿಯುತ್ತವೆ ಎನ್ನುವುದೂ ಇದರ ಮೇಲೆಯೇ ನಿಂತಿದೆ. ಸೋರಿಕೆಯ ಅಂಕಿ ಹತ್ತು ಪಟ್ಟು ಬದಲಾದರೆ ಆ ಗ್ರಹದ ಆಯುಸ್ಸೂ ಹತ್ತು ಪಟ್ಟು ಬದಲಾಗುತ್ತದೆ.

ಇದರಲ್ಲಿ ಕೆಲವನ್ನು ನೀವೇ ನೋಡಬಹುದು. ಏಪ್ರಿಲ್, ಮೇ ತಿಂಗಳ ಸಂಜೆ ಕತ್ತಲಾದ ಮೇಲೆ ಉತ್ತರದ ಕಡೆ ಸಪ್ತರ್ಷಿ ಮಂಡಲ ಹುಡುಕಿ. ಅದರ ಬಾಲದ ನಡುವೆ ಇರುವುದು ವಸಿಷ್ಠ, ಪಕ್ಕದಲ್ಲೇ ಮಸುಕಾಗಿ ಅರುಂಧತಿ. ಬಾಲದ ಬಾಗಿದ ಗೆರೆಯನ್ನು ಹಾಗೇ ಮುಂದಕ್ಕೆ ಎಳೆಯಿರಿ. ಮೊದಲು ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಇನ್ನೂ ಮುಂದೆ ಹೋದರೆ ನೀಲಿ ಬಿಳುಪಿನ ಚಿತ್ತೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಹೊತ್ತಿಗೆ ಬಂದು ನೋಡಿ. ಅಷ್ಟರಲ್ಲಿ ಚಿತ್ತೆಯ ಆ ಎರಡು ನಕ್ಷತ್ರಗಳು ಒಂದನ್ನೊಂದು ಹಿಗ್ಗಿಸಿಕೊಳ್ಳುತ್ತಾ ಒಂದು ಸುತ್ತು ಮುಗಿಸಿರುತ್ತವೆ. ವಸಿಷ್ಠನ ಜೋಡಿ ಇನ್ನೂ ಕಾಲುಭಾಗ ದಾರಿಯನ್ನೂ ಮುಗಿಸಿರುವುದಿಲ್ಲ.